ಐವತ್ತನೇ ಕಿಲೋಮೀಟರಿನ ಮಸಿ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ ಗುಂಡ್ಲುಪೇಟೆ ಬಳಿಯ ಮದ್ದೂರಿನ ಕಾಡಂಚಿನ ಒಣಹುಲ್ಲಿಗೆ ಬೆಂಕಿ ಬಿತ್ತು. ಬೆಂಕಿ ಕಾವಲಿನ ದಿನಗೂಲಿ ಸೋಮಮ್ಮ ಅದರಲ್ಲಿ ಸುಟ್ಟು ಸತ್ತಳು. ಜೊತೆಗೆ ಕಾವಲಿದ್ದ ರಂಗನಾಯಕನ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ಅವನೇ ಹಚ್ಚಿದ್ದನ್ನು ಕಣ್ಣಾರೆ ಕಂಡೆ ಎಂದು ಬೇಗೂರಿನ ಮಂಡಿ ಸಾಹುಕಾರ ಶಿವಮಲ್ಲಪ್ಪ ಹೇಳಿಕೆ ಬರೆಸಿದ. ರಂಗನಾಯಕ ಒಂಬತ್ತು ದಿನಗಳಿಂದ ಜೈಲಿನಲ್ಲಿದ್ದಾನೆ.

“ತಲೆ ಬಗ್ಗಿಸಿ ಅಕ್ಕಾ,” ಎಂದಳು ಶಬೀನಾ. “ಆ ತಗಡು ತಾಕಿದ್ರೆ ಹಣೆ ಕುಯ್ದುಬಿಡುತ್ತೆ.”

ನಯನಾ ತಲೆ ಬಗ್ಗಿಸಿದಳು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅಮೀರ್ ಜಾನ್‌ನ ಗ್ಯಾರೇಜು. ಗ್ಯಾರೇಜಿನ ನೆಲದಲ್ಲಿ ಎದೆಮಟ್ಟದ ಗುಂಡಿ. ಗುಂಡಿಯ ಮೇಲೆ ಶಿವಮಲ್ಲಪ್ಪನ ಬಿಳಿ ಜೀಪು. ಜೀಪಿನ ಹೊಟ್ಟೆಯ ಕೆಳಗೆ, ಗ್ರೀಸು ಮೆತ್ತಿದ ಗೋಡೆಗಳ ನಡುವೆ, ಕುಕ್ಕರಗಾಲಿನಲ್ಲಿ ಇಬ್ಬರು ಹೆಂಗಸರು.

ನಯನಾ ಚಾಮರಾಜನಗರದ ಕೋರ್ಟಿನಲ್ಲಿ ಬಡವರ ಪರ ಉಚಿತವಾಗಿ ನಿಲ್ಲುವ ವಕೀಲೆ. ರಂಗನಾಯಕನ ವಕಾಲತ್ತು ಅವಳ ಕೈಯಲ್ಲಿತ್ತು. ಹೋದ ವಾರ ಮದ್ದೂರಿನ ಬೂದಿಯಲ್ಲಿ ಎರಡು ಚಕ್ರದ ಜಾಡು ಕಂಡಾಗಿನಿಂದ ಅವಳು ಒಂದು ಗಾಡಿಯನ್ನು ಹುಡುಕುತ್ತಿದ್ದಳು. ಇವತ್ತು ಬೆಳಿಗ್ಗೆ ಶಬೀನಾಳ ಫೋನು ಬಂತು. ಗಾಡಿ ಈಗ ತಲೆಯ ಮೇಲಿತ್ತು.

ಅವಳಿಗೆ ಹೆದರಿಕೆಯಾಗುತ್ತಿತ್ತು. ಬೆಳಿಗ್ಗೆ ಬಸ್ಸಿಳಿದಾಗಿನಿಂದ ಕೆಂಪು ಬೈಕೊಂದು ಎದುರಿನ ಎಳನೀರು ಅಂಗಡಿಯ ಮುಂದೆ ನಿಂತಿತ್ತು. ಎಳನೀರು ಕುಡಿಯುವುದಕ್ಕೆ ಯಾರಿಗೂ ಮುಕ್ಕಾಲು ಗಂಟೆ ಬೇಡ.

“ಇದೇ ನೋಡಿ ಫಿಲ್ಟರ್,” ಎಂದು ಶಬೀನಾ ಟಾರ್ಚು ಹಿಡಿದಳು. ಅಮೀರ್ ಜಾನ್‌ನ ಮಗಳು. ಆಟೋಮೊಬೈಲ್ ಡಿಪ್ಲೊಮಾ ಮಾಡಿದವಳು. ಅಪ್ಪನಿಗೆ ಕಿವಿಯಲ್ಲಿ ಕೇಳಿಸುವ ಇಂಜಿನ್ನು ಇವಳಿಗೆ ಪರದೆಯ ಮೇಲೆ ಕಾಣಿಸುತ್ತಿತ್ತು. ಹೊಗೆಕೊಳವೆ ಒಂದೆಡೆ ಊದಿಕೊಂಡು ಪುಟ್ಟ ಹಾಲಿನ ಕ್ಯಾನಿನಂಥ ಡಬ್ಬಿಯಾಗಿತ್ತು. “ಒಳಗೆ ಸಾವಿರಾರು ಸಣ್ಣ ಕಿಂಡಿ. ಹೊಗೆ ಆಚೆ ಹೋಗುತ್ತೆ, ಮಸಿ ಒಳಗೇ ಕೂರುತ್ತೆ. ತುಂಬಿ ಬಂದಾಗ ಇಂಜಿನ್ನು ತಾನಾಗೇ ಸ್ವಲ್ಪ ಡೀಸೆಲ್ ಜಾಸ್ತಿ ಬಿಟ್ಟು ಹೊಗೇನ ಕಾಯಿಸ್ಕೊಳ್ಳುತ್ತೆ. ಆರುನೂರು ಡಿಗ್ರಿ. ಮಸಿ ಸುಟ್ಟುಹೋಗುತ್ತೆ, ಫಿಲ್ಟರ್ ಕ್ಲೀನ್.”

“ಅಷ್ಟೇನಾ?”

“ಅಷ್ಟೇ. ಆದ್ರೆ ಅದಕ್ಕೆ ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಓಡ್ಬೇಕು. ಊಟಿ ಟ್ಯಾಕ್ಸಿಯವ್ರನ್ನ ಕೇಳಿ, ಹಿಂಗೊಂದು ಡಬ್ಬ ಇದೆ ಅನ್ನೋದೂ ಅವ್ರಿಗೆ ಗೊತ್ತಿಲ್ಲ. ದಿನಾ ಘಾಟಿ ಹತ್ತಿ ಇಳಿಯೋ ಗಾಡಿ, ಮಸಿ ಕೂರಕ್ಕೇ ಬಿಡಲ್ಲ. ಇವ್ರದ್ದು ನೋಡಿ. ಬೇಗೂರಲ್ಲಿ ಮನೆಯಿಂದ ಮಂಡಿಗೆ ಎರಡು ಕಿಲೋಮೀಟ್ರು, ಮಂಡಿಯಿಂದ ಮನೆಗೆ ಎರಡು. ಸುಡಕ್ಕೆ ಶುರು ಮಾಡೋ ಹೊತ್ತಿಗೆ ಕೀ ತಿರುಗಿಸಿ ಇಳಿದುಬಿಡ್ತಾರೆ. ನಾಳೆ ಮತ್ತೆ ಅದೇ ಕಥೆ.”

“ಎಷ್ಟು ದಿನದಿಂದ?”

“ತಿಂಗಳುಗಳೇ ಆಗಿರ್ಬೇಕು. ಆಯಿಲ್ ಕಡ್ಡಿ ಎತ್ತಿ ನೋಡ್ದೆ. ಆಯಿಲ್ಲು ಮೇಲಿನ ಗೆರೆ ದಾಟಿದೆ. ಯಾವ ಗಾಡೀಲಾದ್ರೂ ಓಡ್ತಾ ಓಡ್ತಾ ಆಯಿಲ್ ಜಾಸ್ತಿ ಆಗುತ್ತಾ ಅಕ್ಕಾ? ಮೂಸಿದ್ರೆ ಡೀಸೆಲ್ ವಾಸನೆ. ಅರ್ಧಕ್ಕೆ ನಿಂತಾಗಲೆಲ್ಲ ಸುಡದೆ ಉಳಿದದ್ದು ಅಲ್ಲಿಗೆ ಇಳಿದಿದೆ.”

ಟಾರ್ಚಿನ ಬೆಳಕು ಡಬ್ಬಿಯ ಮೇಲೆ ಹೊದಿಸಿದ್ದ ತಗಡಿನ ಅಂಚಿಗೆ ಬಂದು ನಿಂತಿತು. ಅಲ್ಲಿ ಹತ್ತು ಹನ್ನೆರಡು ಕಡ್ಡಿ ಕರಕಲು ಹುಲ್ಲು ಸಿಕ್ಕಿಕೊಂಡಿತ್ತು. ಬೇಗೂರಿನ ಮಂಡಿಯ ಸಿಮೆಂಟು ಅಂಗಳದಲ್ಲಿ ಆಳೆತ್ತರದ ಹುಲ್ಲು ಬೆಳೆಯುವುದಿಲ್ಲ.

ನಯನಾ ಕೈ ಚಾಚಿದವಳು ಹಿಂದಕ್ಕೆಳೆದುಕೊಂಡಳು. ಅದು ಇದ್ದಲ್ಲೇ ಇರಬೇಕು.

“ಇನ್ನೊಂದಿತ್ತು,” ಎಂದಳು ಶಬೀನಾ. ಅವಳ ದನಿ ಸಣ್ಣಗಾಯಿತು. “ಹೊಗೆ ಎಷ್ಟು ಬಿಸಿ ಅಂತ ನೋಡೋ ಸೆನ್ಸರಿನ ವೈರು. ಹನ್ನೆರಡನೇ ತಾರೀಕು ಗಾಡಿ ಬಂದಾಗ ಮೇಲಿನ ಪ್ಲಾಸ್ಟಿಕ್ಕೆಲ್ಲ ಕರಗಿ ಹುಲ್ಲಿನ ಬೂದಿ ಮೆತ್ಕೊಂಡಿತ್ತು. ಹೊಸದು ಮೈಸೂರಿಂದ ಬರಕ್ಕೆ ಎಂಟು ದಿನ ಆಯ್ತು. ಇವತ್ತು ಬೆಳಿಗ್ಗೆ ಹಾಕಿದೆ.”

“ಹಳೇದೆಲ್ಲಿ?”

“ನಮ್ಮ ಅಬ್ಬಾ ಅದನ್ನ ಅವ್ರ ಮನೆಗೇ ಕಳಿಸಿಬಿಟ್ರು.”

ಬದಲಾಯಿಸಿದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಗಾಡಿಯವರ ಕೈಗೆ ಮುಟ್ಟಿಸುವುದು ಅಮೀರ್ ಜಾನ್‌ನ ಮೂವತ್ತು ವರ್ಷದ ನಿಯತ್ತು. ಹಳೇದು ತೋರಿಸದಿದ್ದರೆ ಹೊಸದು ಹಾಕೇ ಇಲ್ಲ ಎನ್ನುವ ಊರು. ಆ ನಿಯತ್ತೇ ಇವತ್ತು ಒಬ್ಬ ನಿರಪರಾಧಿಯ ಸಾಕ್ಷಿಯನ್ನು ಪೇಪರಿನಲ್ಲಿ ಸುತ್ತಿ ಅಪರಾಧಿಯ ಮನೆಗೆ ತಲುಪಿಸಿತ್ತು.

“ಉಳಿದಿರೋದು ಇದೊಂದು.” ಶಬೀನಾ ಮಡಿಲಲ್ಲಿದ್ದ ಸ್ಕ್ಯಾನರನ್ನು ತಿರುಗಿಸಿದಳು. ಅಂಗೈಯಗಲದ ಪರದೆ, ಅದರಲ್ಲಿ ಒಂದು ಸಾಲು.

“ಹತ್ತನೇ ತಾರೀಕು ಸಾಯಂಕಾಲ ಲೈಟು ಹತ್ತಿದೆ ಅಂತ ಗಾಡಿ ಇಲ್ಲಿಗೆ ತಂದಿದ್ರು. ಕಿಲೋಮೀಟ್ರು ನಾನೇ ಬರ್ಕೊಂಡಿದೀನಿ. ನಲವತ್ತೊಂದು ಸಾವಿರದ ಮುನ್ನೂರಾ ಹತ್ತು. ಅರ್ಧ ಗಂಟೆ ಹೆದ್ದಾರೀಲಿ ಬಿಡಿ, ತಾನೇ ಕ್ಲೀನ್ ಆಗುತ್ತೆ ಅಂತ ಹೇಳಿ ಕಳಿಸ್ದೆ. ಈಗ ಇದನ್ನ ಓದಿ.”

ನಯನಾ ಓದಿದಳು. ಶುದ್ಧೀಕರಣ ಅರ್ಧಕ್ಕೆ ನಿಂತದ್ದು: ನಲವತ್ತೊಂದು ಸಾವಿರದ ಮುನ್ನೂರ ಅರವತ್ತು. ಗಾಡಿಯ ವೇಗ: ಸೊನ್ನೆ. ಇಂಜಿನ್: ಚಾಲೂ. ಹೊಗೆಯ ಬಿಸಿ: ಆರುನೂರ ಹನ್ನೆರಡು.

“ಐವತ್ತು ಕಿಲೋಮೀಟರ್,” ಎಂದಳು.

“ಇಲ್ಲಿಂದ ಬೇಗೂರಿಗೆ ಹದಿನಾರು. ಮಾರನೇ ದಿನ ಬೇಗೂರಿಂದ ವಾಪಸ್ ಇಲ್ಲಿಗೆ ಹದಿನಾರು. ಇಲ್ಲಿಂದ ಮದ್ದೂರಿಗೆ ಹದಿನೆಂಟು.”

ಇಬ್ಬರೂ ಅಂಕಿಗಳನ್ನು ಕೂಡಲಿಲ್ಲ. ಕೂಡುವ ಅಗತ್ಯವಿರಲಿಲ್ಲ.

ಬಸ್ಸಿನಲ್ಲಿ ಮದ್ದೂರಿಗೆ ಬಂದೆ, ಗಾಡಿ ಇಡೀ ದಿನ ಬೇಗೂರಿನ ಶೆಡ್ಡಿನಲ್ಲಿತ್ತು ಎಂದು ಶಿವಮಲ್ಲಪ್ಪ ಬರೆಸಿದ್ದ. ಕೀ ನನ್ನ ಸೊಂಟದಲ್ಲೇ ಇತ್ತು ಎಂದು ಅವನ ಡ್ರೈವರ್ ಪುಟ್ಟಮಾದು ಕೆಳಗೆ ರುಜು ಹಾಕಿದ್ದ. ರಂಗನಾಯಕನ ಕಡೆ ರುಜು ಹಾಕುವವರು ಯಾರೂ ಇರಲಿಲ್ಲ. ಬೇಸಿಗೆಗೆ ಮುಂಚೆ ಹುಲ್ಲಿನ ನಡುವೆ ಪಟ್ಟೆ ಪಟ್ಟೆಯಾಗಿ ಸುಟ್ಟು ಬೆಂಕಿ ದಾಟದ ಹಾಗೆ ದಾರಿ ತೆಗೆಯುವುದೇ ಕಾವಲಿನವರ ಕೆಲಸ. ಬೆಂಕಿಪೊಟ್ಟಣ ಅವರ ಜೇಬಿನಲ್ಲಿರದೆ ಇನ್ಯಾರ ಜೇಬಿನಲ್ಲಿರಬೇಕು? ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಫೋಟೋ ತಗೊಂಡ್ರಲ್ಲ?” ಎಂದಳು ಶಬೀನಾ.

“ತಗೊಂಡೆ. ಫೋಟೋ ಸುಳ್ಳು ಅಂತ ಎದ್ದು ನಿಂತು ಹೇಳೋಕೆ ಅವ್ರ ವಕೀಲರಿಗೆ ಒಂದು ನಿಮಿಷ ಸಾಕು. ಇದು ಗಾಡಿಯೊಳಗೇ ಇರ್ಬೇಕು ಶಬೀನಾ, ಕೋರ್ಟು ಕಳಿಸಿದ ತಜ್ಞರೇ ಬಂದು ತೆಗೀಬೇಕು. ಗಾಡಿ ವಶಕ್ಕೆ ತಗೊಳ್ಳಿ ಅಂತ ಅರ್ಜಿ ಹಾಕಿದೀನಿ. ಮೂರು ಗಂಟೆಗೆ ಚಾಮರಾಜನಗರದಲ್ಲಿ ವಿಚಾರಣೆ. ನಮ್ಮ ಸೀನಿಯರ್ ನಿಲ್ತಾರೆ.”

“ಈಗ ಹನ್ನೊಂದೂವರೆ.”

“ಅಷ್ಟರೊಳಗೆ ಇದು ಇನ್ನೊಂದ್ಸಲ ಪೂರ್ತಿ ಸುಟ್ಟು ಕ್ಲೀನ್ ಆದ್ರೆ?”

ಶಬೀನಾ ಟಾರ್ಚು ಆರಿಸಿದಳು. “ಈ ಸಾಲಿನ ಮೇಲೆ ಹೊಸ ಸಾಲು ಬರೆಯುತ್ತೆ ಅಕ್ಕಾ. ಹಳೇದು ಇರಲ್ಲ. ವೈರು ಸುಟ್ಟಿದ್ರಿಂದ ಇಷ್ಟು ದಿನ ಅದು ಸುಡೋ ಕೆಲಸ ಶುರು ಮಾಡ್ಲೇ ಇಲ್ಲ. ಅದಕ್ಕೇ ಈ ಸಾಲು ಉಳಿದಿತ್ತು. ಬೆಳಿಗ್ಗೆ ನಾನು ಹೊಸ ವೈರು ಹಾಕ್ಬಿಟ್ಟೆನಲ್ಲ. ಹಾಕಿದ್ಮೇಲೆ ಈ ಸಾಲು ನೋಡ್ದೆ.”

ಅವಳು ಇನ್ನೂ ಏನೋ ಹೇಳುವುದರಲ್ಲಿದ್ದಳು. ಮೇಲೆ ಅಮೀರ್ ಜಾನ್‌ನ ಸ್ಪ್ಯಾನರಿನ ಸದ್ದು ನಿಂತಿತು.

“ಸಲಾಂ ಸಾವ್ಕಾರ್ರೇ,” ಎಂಬ ದನಿ ಕೇಳಿತು. ದಿನಾ ಕೇಳುವ ಅವನ ದನಿಯಂತಿರಲಿಲ್ಲ.

ಚಕ್ರಗಳ ನಡುವಿನ ಸಂದಿಯಲ್ಲಿ ನಯನಾಳಿಗೆ ಕಾಲುಗಳು ಮಾತ್ರ ಕಂಡವು. ಮುಂದೆ ಹೊಳೆಯುವ ಚರ್ಮದ ಚಪ್ಪಲಿ, ಅದರ ಮೇಲೆ ಇಳಿಬಿದ್ದ ಜರಿ ಅಂಚಿನ ಪಂಚೆ. ಎರಡು ಮಾರು ಹಿಂದೆ ಬಿರುಕು ಬಿಟ್ಟ ಬರಿಗಾಲು. ಆ ಕಾಲಿನವನ ಚಪ್ಪಲಿ ಗ್ಯಾರೇಜಿನ ಹೊಸ್ತಿಲಾಚೆ ಬಿಸಿಲಲ್ಲಿ ಬಿದ್ದಿತ್ತು. ಎರಡು ಸಾವಿರದ ಇಪ್ಪತ್ತೈದನೇ ಇಸವಿ. ಗ್ಯಾರೇಜೇನೂ ದೇವಸ್ಥಾನವಲ್ಲ.

“ಏನ್ ಜಾನು, ನಮ್ ಗಾಡಿ ಆಯ್ತಾ?” ಶಿವಮಲ್ಲಪ್ಪ ಮಗು ಮಲಗಿರುವ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಮಾತಾಡುತ್ತಿದ್ದ.

“ಆಯ್ತು ಸಾವ್ಕಾರ್ರೇ, ಆಯ್ತು. ವೈರ್ ಹಾಕಾಯ್ತು. ಮಗ್ಳು ಒಂಚೂರು ಚೆಕ್ ಮಾಡ್ತಾವ್ಳೆ.”

“ಎಲ್ಲವ್ಳೆ?”

ಶಬೀನಾ ನಯನಾಳ ಭುಜ ಒತ್ತಿ, ಗುಂಡಿಯ ಮೆಟ್ಟಿಲು ಹತ್ತಿ ಹೋದಳು. ನಯನಾ ಫೈಲನ್ನು ಎದೆಗವಚಿಕೊಂಡು ಮೂಲೆಗೆ ಸರಿದಳು. ಬೆನ್ನಿಗೆ ಗ್ರೀಸು ತಣ್ಣಗೆ ಅಂಟಿತು. ಉಸಿರು ಬಿಡುವುದೂ ಸದ್ದು ಮಾಡುತ್ತದೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

“ಮಾದು, ಬಗ್ಗಿ ನೋಡ್ಲಾ. ವೈರು ಹೊಸ್ದು ಹಾಕವ್ರಾ ನೋಡು.”

ಬರಿಗಾಲು ಮುಂದೆ ಬಂತು. ಮಂಡಿ ನೆಲಕ್ಕೂರಿತು. ಅಂಗೈ ಊರಿತು. ಆಮೇಲೆ ನರೆತ ಮೀಸೆಯ ಒಂದು ಮುಖ ಚಕ್ರಗಳ ನಡುವೆ ತಲೆಕೆಳಗಾಗಿ ಇಳಿದು ಬಂತು.

ಪುಟ್ಟಮಾದು ಅವಳನ್ನು ನೋಡಿದ. ಅವಳ ಕಪ್ಪು ಕೋಟನ್ನು ನೋಡಿದ. ಫೈಲನ್ನು ನೋಡಿದ.

ನಯನಾ ಕಣ್ಣು ಮಿಟುಕಿಸಲಿಲ್ಲ.

“ಹೊಸ್ದೇ ಬುದ್ಧಿ,” ಎಂದ ಒಡೆಯನಿಗೆ.

“ಇನ್ನೇನಾದ್ರೂ ಕಾಣ್ತದಾ?”

“ಇನ್ನೇನೂ ಇಲ್ಲ ಬುದ್ಧಿ.” ಮುಖ ಮೇಲಕ್ಕೆ ಹೋಯಿತು.

ಅವನು ಯಾಕೆ ಸುಳ್ಳು ಹೇಳಿದ? ಯೋಚಿಸಲು ಸಮಯವಿರಲಿಲ್ಲ. ಮೇಲೆ ಶಿವಮಲ್ಲಪ್ಪ ಶಬೀನಾಳ ಹತ್ತಿರ ಮಾತಾಡುತ್ತಿದ್ದ.

“ಅದೇನೋ ಮಿಷಿನ್ ಅದ್ಯಂತಲ್ಲವ್ವ ನಿನ್ತಾವು. ಬಟನ್ ಒತ್ತುದ್ರೆ ಗಾಡಿ ನಿಂತಲ್ಲೇ ಜೋರಾಗಿ ಓಡಿ, ಒಳಗಿನ್ ಮಸಿಯೆಲ್ಲ ಸುಟ್ಟೋಯ್ತದಂತೆ. ಮೈಸೂರಿನೋರು ಯೇಳುದ್ರು. ಅದ್ನ ಮಾಡ್ಬುಡು, ತಗಂಡೋಯ್ತಿನಿ.”

“ಆಗಲ್ಲ ಸಾರ್. ಡೀಸೆಲ್ ಕಮ್ಮಿ ಅದೆ. ಕಾಲು ಟ್ಯಾಂಕಿಗಿಂತ ಕಮ್ಮಿ ಇದ್ರೆ ಮಿಷಿನ್ ಒಪ್ಪಲ್ಲ.”

“ಮಾದು, ಕೀ ಆಕು.”

ಗೋಡೆಯ ಮೊಳೆಯಿಂದ ಕೀ ತೆಗೆದ ಸದ್ದು. ಬಾಗಿಲು ತೆರೆದ ಸದ್ದು. “ಅರ್ಧ ಟ್ಯಾಂಕ್ ತೋರುಸ್ತದೆ ಬುದ್ಧಿ,” ಎಂದ ಪುಟ್ಟಮಾದು.

ರಸ್ತೆಯಲ್ಲಿ ಪಕ್ಕದ ಟಯರು ಅಂಗಡಿಯವನು ಶಟರನ್ನು ಅರ್ಧಕ್ಕೆಳೆದುಕೊಂಡ. ಹಾಡು ಹಗಲು. ಅದರ ಪಕ್ಕದವನೂ ಎಳೆದುಕೊಂಡ.

“ನೀನು ಸಾಯಂಕಾಲ ಐದೂಕಾಲಿನ ಬಸ್ಗೆ ನಗರಕ್ಕೋಯ್ತಿಯಲ್ವೇನವ್ವ, ಪಾಠ ಯೇಳಕ್ಕೆ?” ಶಿವಮಲ್ಲಪ್ಪನ ದನಿ ಇನ್ನೂ ಮೆಲ್ಲಗಾಗಿತ್ತು. “ಡ್ರೈವರ್ ಹಿಂದಿನ್ ಸೀಟು. ಕಿಟಕಿ ಪಕ್ಕ. ಬ್ಯಾಗ್ನ ಮಡ್ಲಲ್ಲಿ ಇಟ್ಕಂಡು ನಿದ್ದೆ ಮಾಡ್ಬುಡ್ತಿಯಂತೆ. ಹಂಗೆಲ್ಲ ನಿದ್ದೆ ಮಾಡ್ಬಾರ್ದು ಕಣವ್ವ. ಒಂಟಿ ಹೆಣ್ಮಗ.”

ಏನೋ ಕೈಜಾರಿ ನೆಲಕ್ಕೆ ಬಿತ್ತು. ಸ್ಪ್ಯಾನರ್ ಇರಬೇಕು.

“ನಕ್ಕೋ ಬೇಟಾ,” ಅಮೀರ್ ಜಾನ್ ಅಂದ. ಬೇಡ ಮಗಳೇ ಎನ್ನುವ ಮನೆಮಾತು ಗಿರಾಕಿಯ ಮುಂದೆ ಅವನ ಬಾಯಿಂದ ಬಂದದ್ದು ಅದೇ ಮೊದಲು. “ಜಿದ್ದು ನಕ್ಕೋ. ಮಾಡ್ಬುಡು. ನಮಗ್ಯಾಕೆ? ಗಾಡಿ ಅವ್ರದ್ದು.”

“ಅಬ್ಬಾ, ಗುಂಡಿ ಮೇಲೆ ಮಾಡಂಗಿಲ್ಲ. ಆಚೆ ತೆಗೀಬೇಕು, ಬಯಲಿಗೆ…”

“ಯಾಕ್ ಮಾಡಂಗಿಲ್ಲ?” ಎಂದ ಶಿವಮಲ್ಲಪ್ಪ. “ಗುಂಡಿಲೇನದೆ?”

ಶಬೀನಾಳ ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು.

“ಸ್ಟಾರ್ಟ್ ಮಾಡ್ಲಾ ಮಾದು.”

ಇಂಜಿನ್ನು ಚಾಲೂ ಆಯಿತು. ನಯನಾಳ ನೆತ್ತಿಯಿಂದ ಒಂದು ಮೊಳ ಮೇಲೆ ಇಡೀ ಜೀಪು ನಡುಗಿತು. ಗುಂಡಿಯೊಳಕ್ಕೆ ಹೊಗೆ ಇಳಿಯತೊಡಗಿತು. ಕೊಳವೆಯ ತಗಡು ಕಾಯುತ್ತಾ ಟಿಕ್ ಟಿಕ್ ಎಂದು ಸದ್ದು ಮಾಡಿತು. ಆರುನೂರು ಡಿಗ್ರಿ ಎಂಬುದು ಆವರೆಗೆ ಅವಳಿಗೆ ಪರದೆಯ ಮೇಲಿನ ಒಂದು ಅಂಕೆಯಾಗಿತ್ತು. ಈಗ ಅದು ಹಣೆಯ ಮೇಲೆ ಬೆವರಾಗಿ ಇಳಿಯಿತು. ಏಳಬೇಕು ಎಂದು ಕಾಲಿಗೆ ಹೇಳಿದಳು. ಕಾಲು ಕೇಳಲಿಲ್ಲ. ಸೋಮಮ್ಮನಿಗೂ ಹೀಗೇ ಆಗಿರಬಹುದು, ಕಾಲು ಕೇಳದೆ ಹೋಗಿರಬಹುದು.

“ಒತ್ತವ್ವ ಬಟನ್ನ.”

“ಕೆಳಗೆ ಜನ ಅವ್ರೆ!” ಶಬೀನಾ ಕಿರುಚಿದಳು. “ಕೆಳಗೆ ಜನ ಅವ್ರೆ, ಆಫ್ ಮಾಡಿ!”

ಅವಳ ಮಾತು ಮುಗಿಯುವುದಕ್ಕೆ ಮೊದಲೇ ಇಂಜಿನ್ನು ನಿಂತಿತು. ಪುಟ್ಟಮಾದುವಿನ ಕೈ ಕೀ ಮೇಲೇ ಇತ್ತು.

ನಯನಾ ಕೆಮ್ಮುತ್ತಾ ಮೆಟ್ಟಿಲು ಹತ್ತಿ ಬಂದಳು. ಎದುರಿಗೆ ನಿಂತ ಶಿವಮಲ್ಲಪ್ಪನ ಹಣೆಯ ವಿಭೂತಿ ಒಂಚೂರೂ ಅಲುಗಿರಲಿಲ್ಲ. ಅವನಿಗೆ ಆಶ್ಚರ್ಯವೂ ಆಗಿರಲಿಲ್ಲ.

“ಬಾವ್ವ,” ಎಂದ. “ನೀನು ಬಸ್ಸಿಳ್ದೆ ಅಂತ ಆಗ್ಲೇ ಫೋನ್ ಬಂತು. ಗ್ಯಾರೇಜ್ನಿಂದ ಆಚ್ಗೆ ಬರ್ಲಿಲ್ಲ ಅಂತ್ಲೂ ಬಂತು.”

ಅಂದರೆ ಅವಳು ಗುಂಡಿಯಲ್ಲಿದ್ದಾಳೆಂದು ಗೊತ್ತಿದ್ದೇ ಅವನು ಸ್ಟಾರ್ಟ್ ಮಾಡು ಎಂದಿದ್ದ. ಅದು ಅವಳ ತಲೆಗೆ ಇಳಿಯಲು ಒಂದು ಕ್ಷಣ ಹಿಡಿಯಿತು.

“ಕುದೇರಿನ ಗುರುಮಲ್ಲಮ್ಮನ್ ಮಗಳಲ್ವಾ ನೀನು? ನಿಮ್ಮವ್ವ ಸೋಮ್ವಾರ ಸೋಮ್ವಾರ ಒಬ್ರೇ ಮಠಕ್ಕೆ ನಡ್ಕಂಡೋಯ್ತರೆ. ಒಳ್ಳೆ ಮನೆತನ. ನಮ್ಮೋಳಾಗಿ ಉಟ್ಟಿ ನೀನು ಯಾರ್ಗೋ ನಾಯ್ಕನ್ಗೆ ಕೋಟು ಆಕ್ಕಂಡು ನಿಂತ್ಕಂಡಿಯಲ್ಲ. ಜನ ಏನಂದಾರು?”

“ನಮ್ಮವ್ವನ ಹೆಸರು ಎತ್ತಬೇಡಿ.”

“ನಿನ್ ಕಾಲ್ ನಡುಗ್ತಾವೆ ಕಣಮ್ಮಿ.”

“ನಡುಗಲಿ. ನಿಂತಿದಾವಲ್ಲ.” ಅವಳು ಫೈಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. “ಬಸ್ಸಲ್ಲಿ ಬಂದೆ ಅಂತ ಬರೆಸಿದೀರಿ. ಗಾಡಿ ಬೇಗೂರು ಬಿಟ್ಟು ಕದಲಲೇ ಇಲ್ಲ ಅಂದ್ರಿ. ಹನ್ನೊಂದನೇ ತಾರೀಕು ಈ ಗಾಡಿ ಮದ್ದೂರಲ್ಲಿ, ಹುಲ್ಲಿನ ಮೇಲೆ, ಇಂಜಿನ್ ಆಫ್ ಮಾಡದೆ ನಿಂತಿತ್ತು. ಕೊಳವೆ ಆರುನೂರು ಡಿಗ್ರಿ ಕಾದಿತ್ತು. ಗಾಡಿಯೇ ಬರ್ಕೊಂಡಿದೆ. ಯಾರು ಓಡಿಸ್ತಿದ್ರು? ನಿಮಗಂತೂ ಸ್ಟೀರಿಂಗ್ ಹಿಡಿದು ಗೊತ್ತಿಲ್ಲ, ಇಡೀ ಬೇಗೂರಿಗೆ ಗೊತ್ತು ಅದು.”

ಹೇಳಿ ಮುಗಿಸಿದ ಮೇಲೆ ಅವಳಿಗೆ ತನ್ನ ತಪ್ಪು ತಿಳಿಯಿತು. ಮೂರು ಗಂಟೆಗೆ ನ್ಯಾಯಾಧೀಶರ ಮುಂದೆ ಹೇಳಬೇಕಾದ್ದನ್ನು ಹನ್ನೆರಡಕ್ಕೇ ಎದುರಾಳಿಯ ಕಿವಿಗೆ ಹಾಕಿಬಿಟ್ಟಿದ್ದಳು.

“ಗಾಡಿ ಬರ್ಕಂಡದ.” ಶಿವಮಲ್ಲಪ್ಪ ತಲೆಯಾಡಿಸಿದ. “ಆರ್ಡರ್ ಅದಾ?”

“ಮೂರು ಗಂಟೆಗೆ—”

“ಈಗ ಅದಾ?”

ನಯನಾ ಕೈಗಡಿಯಾರ ನೋಡಿಕೊಂಡಳು.

“ಇಲ್ಲ. ಆರ್ಡರ್ ಇಲ್ದೆ ನನ್ ಗಾಡೀನ ತಡ್ಯಂಗಿಲ್ಲ. ಕಾನೂನು ನಂಗೂ ಗೊತ್ತು ಕಣವ್ವ.” ಅವನು ಶಬೀನಾಳ ಕಡೆ ತಿರುಗಿದ. “ನಿನ್ ಮಿಷಿನ್ನೂ ಬ್ಯಾಡ ಬುಡು. ನೀನೇ ಯೇಳ್ಕೊಟ್ಟಿದ್ದಲ್ವಾ ಅವತ್ತು, ಅರ್ಧ ಗಂಟೆ ಒಂದೇ ಸಮ ಹೆದ್ದಾರೀಲಿ ಬುಡಿ, ತಾನೇ ಸುಟ್ಕಂಡು ಕ್ಲೀನ್ ಆಯ್ತದೆ ಅಂತ? ಬೇಗೂರ್ ದಾಟಿ ಮೈಸೂರ್ ಕಡ್ಗೆ ಬುಡ್ತಿವಿ. ಒಳ್ಳೆ ಬುದ್ಧಿವಾದ ಯೇಳಿದ್ದೆ.”

ಶಬೀನಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅಮೀರ್ ಜಾನ್ ಟೂಲ್ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ.

ಶಿವಮಲ್ಲಪ್ಪ ಪಂಚೆ ಎತ್ತಿ ಕಟ್ಟಿ ಎಡಗಡೆಯ ಸೀಟಿಗೆ ಹತ್ತಿದ. ಬಾಗಿಲು ಹಾಕಿಕೊಂಡ. “ನಡೀಲಾ ಮಾದು.”

ನಯನಾ ಜೀಪಿನ ಮುಂದಕ್ಕೆ ಓಡಬೇಕೆಂದುಕೊಂಡಳು. ಓಡಿದರೆ? ಗುಂಡಿಯಲ್ಲಿ ಮನುಷ್ಯರಿರುವಾಗಲೇ ಸ್ಟಾರ್ಟ್ ಮಾಡಿಸಿದವನು ನಿಲ್ಲಿಸುವನೇ? ಅರ್ಧ ಗಂಟೆ. ರಂಗನಾಯಕನ ಮುಂದಿನ ಹತ್ತು ವರ್ಷ ಇನ್ನು ಅರ್ಧ ಗಂಟೆಯಲ್ಲಿ ಮೈಸೂರು ರಸ್ತೆಯ ಗಾಳಿಯಲ್ಲಿ ಹೊಗೆಯಾಗಿ ಹೋಗುವುದರಲ್ಲಿತ್ತು.

ಇಂಜಿನ್ನಿನ ಸದ್ದು ಬರಲಿಲ್ಲ.

“ಮಾದು?”

ಡ್ರೈವರ್ ಬಾಗಿಲು ತೆರೆಯಿತು. ಪುಟ್ಟಮಾದು ಕೆಳಗಿಳಿದ. ಕೀ ಅವನ ಮುಷ್ಟಿಯಲ್ಲಿತ್ತು.

“ಬುದ್ಧಿ,” ಎಂದ. ಕಣ್ಣು ನೆಲದ ಮೇಲಿತ್ತು. “ಗಾಡಿ ಬಿಸಿ ಆದ್ರೆ ರಸ್ತೆಯಿಂದ ಇಳ್ಸಿ ನೆಳ್ಳಿಗೆ ಆಕಿ, ಆಫ್ ಮಾಡ್ದೆ ಬಾನೆಟ್ ಎತ್ತಿ ಬುಡ್ಬೇಕು ಅಂತ ಚಿಕ್ಕ ಬುದ್ಧಿಯೋರ್ಗೆ ಯೇಳ್ಕೊಟ್ಟೋನು ನಾನು. ಹಳೇ ಜೀಪ್ಗೆ ಅದೇ ರೂಢಿ. ಇಪ್ಪತ್ತೈದ್ ವರ್ಷ ಹಂಗೇ ಮಾಡಿವ್ನಿ. ಇದು ನಿಂತ್ರೆ ಇನ್ನೂ ಕಾಯೋ ಗಾಡಿ ಅಂತ ನಂಗೊತ್ತಿರ್ಲಿಲ್ಲ.”

ಚಿಕ್ಕ ಬುದ್ಧಿಯವರು ಎಂದರೆ ಸಾಗರ್, ಶಿವಮಲ್ಲಪ್ಪನ ಒಬ್ಬನೇ ಮಗ. ಬೆಂಕಿ ಬಿದ್ದ ಮಾರನೇ ದಿನದಿಂದ ಅವನನ್ನು ಬೇಗೂರಿನಲ್ಲಿ ಯಾರೂ ಕಂಡಿರಲಿಲ್ಲ.

“ಬಾಯ್ಮುಚ್ಕಂಡು ಹತ್ತು.”

“ಫ್ಯಾನ್ ಜೋರಾಯ್ತಂತೆ. ಸುಟ್ಟ ವಾಸ್ನೆ ಬಂತಂತೆ. ಗಾಬ್ರಿ ಬಿದ್ದು, ನಾನ್ ಯೇಳಿದ್ ಹಂಗೇ ಮರದ್ ಕೆಳ್ಗೆ ಹುಲ್ಲಿಗ್ ಇಳ್ಸುದ್ರಂತೆ. ಅವತ್ತು ಸಂಜೆ ನನ್ ಕಾಲ್ನೇ ತಬ್ಕಂಡು ಅತ್ಬುಟ್ರು ಬುದ್ಧಿ.”

“ಮಾದು!” ಮೊದಲ ಸಲ ಶಿವಮಲ್ಲಪ್ಪನ ದನಿ ಏರಿತು.

“ಸೋಮಮ್ಮ ಹಸಿ ಸೊಪ್ ಮುರ್ಕಂಡು ಬೆಂಕಿ ಬಡ್ಯಕ್ಕೆ ಓಡ್ಬಂದ್ಲಂತೆ. ಬೆಂಕಿ ಅವಳ್ನೇ ಸುತ್ಕಂಡಾಗ ಗಾಡಿ ಬಾಗ್ಲು ಬಡುದ್ಲಂತೆ, ಅಣ್ಣಾ ಅಣ್ಣಾ ಅಂತ. ಚಿಕ್ಕೋರು ತಗ್ಯಕ್ಕೆ ಕೈ ಆಕುದ್ರಂತೆ. ಪಕ್ಕದ್ ಸೀಟ್ನಾಗ್ ಕುಂತಿದ್ದೋರು ಲಾಕ್ ಒತ್ತುಬುಟ್ರಂತೆ.”



“ಯಾರು?” ನಯನಾ ಒಂದು ಹೆಜ್ಜೆ ಮುಂದೆ ಬಂದಳು. “ಪುಟ್ಟಮಾದಣ್ಣ, ಪಕ್ಕದ ಸೀಟಲ್ಲಿ ಯಾರಿದ್ರು?”

“ಅದೊಂದ್ನ ಚಿಕ್ಕೋರು ನಂಗೂ ಯೇಳ್ಲಿಲ್ಲ,” ಎಂದ ಪುಟ್ಟಮಾದು. ನಯನಾ ಶಿವಮಲ್ಲಪ್ಪನನ್ನು ನೋಡಿದಳು. ಜೀಪಿನ ಕಿಟಕಿಯೊಳಗಿದ್ದ ಆ ಮುಖದಿಂದ ಬಣ್ಣವೆಲ್ಲ ಇಳಿದುಹೋಗಿತ್ತು. ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆಂದು ಕೋರ್ಟಿನಲ್ಲಿ ಅವಳು ಬೇಕಾದಷ್ಟು ಸಲ ನೋಡಿದ್ದಳು. ಈ ಮುಖ ಹಾಗಿರಲಿಲ್ಲ.

“ಪಕ್ಕದ್ ಸೀಟಾ?” ಶಿವಮಲ್ಲಪ್ಪ ಪಿಸುಗುಟ್ಟಿದ. “ಒಬ್ನೇ ಇದ್ದೆ ಅಂದ್ನಲ್ಲ ಅವ್ನು. ನಂತಾವು ಒಬ್ನೇ ಇದ್ದೆ ಅಂತ ಆಣೆ ಮಾಡುದ್ನಲ್ಲ.”

ಕಣ್ಣಾರೆ ಕಂಡ ಸಾಕ್ಷಿ ಅಲ್ಲಿ ಇರಲೇ ಇಲ್ಲ. ಅದನ್ನು ಅವನೇ, ನಾಲ್ಕು ಜನರೆದುರು, ತನ್ನ ಬಾಯಿಂದಲೇ ಹೇಳಿದ್ದ. ಅದು ಅವನಿಗೂ ಹೊಳೆಯಿತು. ಒಬ್ಬೊಬ್ಬರನ್ನೇ ನೋಡುತ್ತಾ ಬಂದ ಕಣ್ಣು ಬರಿಗಾಲಿನವನ ಮೇಲೆ ನಿಂತಿತು.

“ಹತ್ತು,” ಎಂದ. “ಮಾದು, ಹತ್ತಲಾ. ನಿಮ್ಮಪ್ಪನ್ ಕಾಲ್ದಿಂದ ನಮ್ ಅನ್ನ ತಿಂದಿದ್ದೀಯ. ಗಾಡಿ ತಗಿ.”

ಪುಟ್ಟಮಾದು ಜೀಪಿನ ಮುಂದೆ ಬಂದ. ಬಲಗಡೆಯ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ. ಕೀ ಹಿಡಿದ ಮುಷ್ಟಿಯನ್ನು ತೊಡೆಗಳ ನಡುವೆ ಒತ್ತಿಕೊಂಡ.

“ತಗ್ಯಕ್ಕಿಲ್ಲ ಬುದ್ಧಿ.”